ಸಲಹೆಗಾರನ ಸೇಬಿನ ಕೇಕು

ಸೀಬ್ರನ್‌ಗೆ ನಲವತ್ತು ತುಂಬಿದ ದಿನ ಮೊದಲು ಶುಭ ಕೋರಿದ್ದು ಅವನ ಹಲ್ಲಿನ ಡಾಕ್ಟರ ಕಂಪ್ಯೂಟರ್. ಎರಡನೆಯವರು ಯಾರೂ ಇರಲಿಲ್ಲ. ಹೋಟೆಲ್ ಕೋಣೆಯ ಟಿವಿ ಮಾತ್ರ "ಸ್ವಾಗತ, ಶ್ರೀಮತಿ ಸೀಬ್ರನ್" ಎಂದಿತು. ವಾರವೆಲ್ಲ ಹೋಟೆಲಿನಲ್ಲೇ ಮಲಗುವ ಸಲಹೆಗಾರನಿಗೆ ಮನೆಯಲ್ಲಿ ಕಾಯುವವರು ಯಾರಿದ್ದಾರೆ? ಒಂದು ಬೆಕ್ಕಿತ್ತು, ಅದೂ ಪಕ್ಕದ ಮನೆ ಸೇರಿಕೊಂಡಿತ್ತು.

ಉದ್ಯೋಗವೊಂದು ಚೆನ್ನಾಗಿತ್ತು. ಡೆವೆಂಟರ್ ಊರಿನ ಸೈಕಲ್ ಗಂಟೆ ಕಾರ್ಖಾನೆ ಇನ್ನೊಂದು ವರ್ಷಕ್ಕೆ ಒಪ್ಪಂದ ಮುಂದುವರಿಸಿದರೆ ಅವನನ್ನು ತಮ್ಮ ಯುಟ್ರೆಕ್ಟ್ ಊರಿನ ಸಲಹಾ ಸಂಸ್ಥೆಯ ಪಾಲುದಾರನನ್ನಾಗಿ ಮಾಡುವುದಾಗಿ ಬಾಸ್ ಡೀಡರಿಕ್ ಮಾತು ಕೊಟ್ಟಿದ್ದ. ಇಲ್ಲದಿದ್ದರೆ? "ನಮ್ಮ ಪದ್ಧತಿ ಗೊತ್ತಲ್ಲ, ಮೇಲೆ ಹತ್ತು, ಇಲ್ಲ ಗಂಟು ಕಟ್ಟು. ಅಲ್ಲಿನ ಜನರ ಜೊತೆ ಸ್ವಲ್ಪ ಬೆರಿಯೋ ಮಾರಾಯ!"

ಬೆರೆಯುವುದೇನು ಸುಲಭವೇ? ಅವನು ಕಾಫಿ ಯಂತ್ರದ ಹತ್ತಿರ ಹೋದರೆ ಅಲ್ಲಿದ್ದವರ ಮಾತು ನಲ್ಲಿ ಮುಚ್ಚಿದಂತೆ ನಿಂತುಬಿಡುತ್ತಿತ್ತು. ಹುಟ್ಟುಹಬ್ಬವಾದರೂ ಉಪಯೋಗಕ್ಕೆ ಬರಲಿ ಎಂದುಕೊಂಡ. ನಮ್ಮ ದೇಶದಲ್ಲಿ ಹುಟ್ಟುಹಬ್ಬದವನೇ ಕೇಕು ತರಬೇಕು. ಬೇರೆಯವರು ತರಲಿ ಎಂದು ಕಾದರೆ ಕಾಯುತ್ತಲೇ ಇರಬೇಕಾಗುತ್ತದೆ. ದೊಡ್ಡದೊಂದು ಸೇಬಿನ ಕೇಕು ಕೊಂಡು, ತುಂಬಿದ ಬಸ್ಸಿನಲ್ಲಿ ಕೂಸಿನಂತೆ ಎದೆಗವಚಿಕೊಂಡು ಕಾರ್ಖಾನೆಗೆ ಹೋದ.

ಲೆಕ್ಕಪತ್ರದ ಹೆಂಡ್ರಿಕಾ ಡಬ್ಬಿಯೊಳಗೆ ಇಣುಕಿ ಎದೆ ಮೇಲೆ ಕೈಯಿಟ್ಟುಕೊಂಡಳು.

"ಅಯ್ಯೋ! ಕೇಕಾ? ನೀವು ತಂದ್ರಾ?"

"ಹೂಂ, ಇವತ್ತು ನನ್ನ..."

"ಹೇಳ್ಬೇಡಿ, ಗೊತ್ತಾಯ್ತು! ಏ, ಬನ್ರೋ ಎಲ್ಲ! ಸೀಬ್ರನ್ ಕೇಕ್ ತಂದಿದಾರೆ!"

ಜನ ಓಡಿ ಬಂದರು. ಕೈ ಕುಲುಕಿದರು, ಬೆನ್ನು ತಟ್ಟಿದರು. ಹೆಂಡ್ರಿಕಾ ಕೆನ್ನೆಗೆ ಮೂರು ಮುತ್ತು ಕೊಟ್ಟಳು. ಎರಡು ವರ್ಷ ಮುಖ ಕೊಟ್ಟು ಮಾತಾಡದ ಜನ! ಸೀಬ್ರನ್ ಬೆಣ್ಣೆಯಂತೆ ಕರಗಿಹೋದ.

"ಕೊನೇ ದಿನ ಅಂತ ನಿನ್ನೆನೇ ಹೇಳಿದ್ದಿದ್ರೆ ಹೂವಾದ್ರೂ ತರ್ತಿದ್ವಲ್ರೀ," ಎಂದಳು ಹೆಂಡ್ರಿಕಾ.

"ಕೊನೇ ದಿನಾನಾ?"

"ಮತ್ತೆ? ಹುಟ್ಟಿದಬ್ಬಕ್ಕೆ ಕೇಕ್ ತಂದ್ರೆ ಕೆಲಸದ ಹೊತ್ತು ಹಾಳು, ಕೆಲಸ ಬಿಟ್ಟು ಹೋಗೋರು ಮಾತ್ರ ತರ್ಲಿ ಅಂತ ಸಲಹೆ ಕೊಟ್ಟಿದ್ದು ನೀವೇ ತಾನೆ? ಅವತ್ತಿಂದ ನನ್ನ ಹುಟ್ಟಿದಬ್ಬದ ಕೇಕ್ ನಾನೊಬ್ಳೇ ಗೋಡೆ ನೋಡ್ಕೊಂಡು ತಿಂತಿದೀನಿ."

ಸೀಬ್ರನ್‌ಗೆ ಅದು ಮರೆತೇ ಹೋಗಿತ್ತು. ಇದು ಹುಟ್ಟುಹಬ್ಬದ ಕೇಕು ಎಂದು ಹೇಳಿದರೆ, ತನ್ನ ಸಲಹೆಯನ್ನು ತಾನೇ ಮುರಿದ ಸಲಹೆಗಾರ ಎಂದು ಮರ್ಯಾದೆ ಹೋಗುತ್ತದೆ. ಹೇಳದಿದ್ದರೆ ಒಪ್ಪಂದವೇ ಹೋಗುತ್ತದೆ. ಹೇಳಿಬಿಡೋಣ ಎಂದು ಬಾಯಿ ತೆರೆದ. ಆದರೆ ಹೆಂಡ್ರಿಕಾಳ ಕೈ ಅವನ ಭುಜದ ಮೇಲಿತ್ತು, ಬೆಚ್ಚಗಿತ್ತು. ಕ್ಷೌರದವನನ್ನು ಬಿಟ್ಟರೆ ಅವನನ್ನು ಯಾರಾದರೂ ಮುಟ್ಟಿ ಎಷ್ಟು ಕಾಲವಾಗಿತ್ತೋ. ಇನ್ನೊಂದು ಐದು ನಿಮಿಷ ಹೀಗೇ ಇರಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡ.

ಅಷ್ಟರಲ್ಲಿ ಮ್ಯಾನೇಜರ್ ಲೂಕ್ ಬಂದು ಎರಡು ತುಂಡು ಕೇಕು ತಿಂದು ಭಾಷಣಕ್ಕೆ ನಿಂತೇಬಿಟ್ಟ.

"ಸಲಹೆಗಾರರು ಬರೋದು ನೋಡಿದೀನಿ. ತಾವಾಗೇ ಹೋಗೋದನ್ನ ಇವತ್ತೇ ನೋಡ್ತಿರೋದು ಕಣ್ರೀ!" ಎಂದು ಕಣ್ಣೊರೆಸಿಕೊಂಡು, ನಿಂತಲ್ಲೇ ಡೀಡರಿಕ್‌ಗೆ ಫೋನು ಮಾಡಿ ಧನ್ಯವಾದ ಹೇಳಿದ. ಯಾರೋ ಆಗಲೇ ಸೀಬ್ರನ್‌ನ ಕುರ್ಚಿ ಎತ್ತಿಕೊಂಡು ಹೋದರು. ಬಾಗಿಲಿನವರೆಗೂ ಎರಡು ಸಾಲಾಗಿ ನಿಂತು ಎಲ್ಲರೂ ಸೈಕಲ್ ಗಂಟೆ ಬಾರಿಸಿದರು. ಸೈಕಲ್ಲೇ ಇಲ್ಲದ ಅವನಿಗೂ ಒಂದು ಗಂಟೆ ಉಡುಗೊರೆ ಸಿಕ್ಕಿತು. ಮತ್ತೆ ಬನ್ನಿ ಎಂದು ಯಾರೂ ಹೇಳಲಿಲ್ಲ. ಆದರೂ ಇಂಥ ಹುಟ್ಟುಹಬ್ಬ ಅವನ ಆಯುಷ್ಯದಲ್ಲೇ ಆಗಿರಲಿಲ್ಲ.

ಉಳಿದ ಕೇಕನ್ನು ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ಕೂತ. ಎಲ್ಲ ತಪ್ಪು ತಿಳುವಳಿಕೆ, ಡೀಡರಿಕ್‌ಗೆ ಹೇಳಿ ಸರಿ ಮಾಡಿಸಿದರಾಯಿತು ಎಂದು ಯುಟ್ರೆಕ್ಟ್ ಬರುವವರೆಗೂ ಮಾತು ಜೋಡಿಸಿಕೊಂಡ. ಆಫೀಸಿನ ಬಾಗಿಲಲ್ಲೇ ಡೀಡರಿಕ್ ಎದುರಾದ. ಅವನ ಕಣ್ಣು ನೇರ ಡಬ್ಬಿಯ ಮೇಲೆ ಬಿತ್ತು.

"ಅಬ್ಬಾ, ನಿಂಗೇ ಗೊತ್ತಾಗ್ಬಿಟ್ಟಿದೆ! ಹೆಂಗಪ್ಪಾ ಹೇಳೋದು ಅಂತ ಒದ್ದಾಡ್ತಿದ್ದೆ. ಕಾರ್ಖಾನೆ ಕೈ ತಪ್ಪಿದ್ಮೇಲೆ ನಿನ್ನ ಇಟ್ಕೊಳ್ಳೋಕಾಗಲ್ಲ. ಅದಕ್ಕೆ ನೀನೇ ಬೀಳ್ಕೊಡುಗೆ ಕೇಕ್ ತಂದ್ಬಿಟ್ಯಲ್ಲ, ದೊಡ್ಡ ಮನಸ್ಸು ಕಣೋ!"

"ಅಲ್ಲ ಡೀಡರಿಕ್, ಇದು ನನ್ನ..."

ಡೀಡರಿಕ್‌ನ ಬಾಯಿ ಆಗಲೇ ತುಂಬಿತ್ತು. ಸೀಬ್ರನ್‌ನ ಹೆಸರೂ ಗೊತ್ತಿಲ್ಲದ ಸಹೋದ್ಯೋಗಿಗಳು ತಟ್ಟೆ ಹಿಡಿದು ಬಂದರು. ಡಬ್ಬಿಯಲ್ಲಿ ಉಳಿದದ್ದು ದಾಲ್ಚಿನ್ನಿಯ ವಾಸನೆ ಮಾತ್ರ.

ಹೊರಡುವಾಗ ಸ್ವಾಗತದ ಮೇಜಿನ ನೈಂಕೆ ಅವನ ಗುರುತಿನ ಚೀಟಿ ವಾಪಸು ಇಸಿದುಕೊಂಡಳು. ಅದರ ಮೇಲೆ ಕಣ್ಣಾಡಿಸಿದವಳು ಥಟ್ಟನೆ ತಲೆಯೆತ್ತಿದಳು.

"ಅಯ್ಯೋ! ಇವತ್ತು ನಿಮ್ಮ ಹುಟ್ಟುಹಬ್ಬ!"

ಸೀಬ್ರನ್ ನಿಂತುಬಿಟ್ಟ. ಅಂತೂ ಒಬ್ಬರು! ಕಣ್ಣು ಮಂಜಾಯಿತು.

ನೈಂಕೆ ಅವನ ಕೈ ಹಿಡಿದು ಕುಲುಕಿದಳು. "ಶುಭಾಶಯ ಸೀಬ್ರನ್! ಪುಣ್ಯ ಮಾಡಿದ್ರಿ ನೋಡಿ, ಇವತ್ತೇ ಕೆಲಸ ಹೋಯ್ತು. ಇಲ್ದಿದ್ರೆ, ಇಲ್ಲೂ ನಿಮ್ಮ ಸಲಹೇನೇ ಜಾರಿಲಿದೆಯಲ್ಲ, ಹುಟ್ಟುಹಬ್ಬಕ್ಕೆ ಒಂದು ಕೇಕೂ ಇರ್ತಿರ್ಲಿಲ್ಲ!"