ಉಪ್ಪು ನೋಡುವ ಕಾಕಾ, ಜೊತೆಗೆ ಉಣ್ಣುವ ಚೇರಮನ್ನರು

ಪಂಚಾಯಿತಿ ಎಂದರೆ ಬರೀ ರಸ್ತೆ, ಬಾವಿ, ಕಂದೀಲು ಎಂದುಕೊಂಡವರು ನಮ್ಮ ಚೇರಮನ್ನರನ್ನು ನೋಡಿಲ್ಲ. ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನಲ್ಲಿ ನಾನು ಹಳಿಯಾಳದ ಹತ್ತಿರದ ಒಂದು ಊರಿನ ಪಂಚಾಯಿತಿಗೆ ಸೆಕ್ರೆಟರಿಯಾಗಿದ್ದೆ. ಅವರ ಜೊತೆ ಇದ್ದಷ್ಟು ದಿನ ನಗೆಗೆ ಬರ ಬರಲಿಲ್ಲ.

ಉಪ್ಪಿನ ನೌಕರಿ

ಕುಳಗಿ ಕಾಡಿನಲ್ಲಿ ಬಿದಿರು ಕಡಿಯುವವರಿಗೆ ಅಡುಗೆ ಮಾಡಿ ಹಾಕುತ್ತ ಆಯುಷ್ಯ ಕಳೆದ, ಊರೆಲ್ಲ ಕಾಕಾ ಎನ್ನುತ್ತಿದ್ದ ಮುದುಕ, ಕಣ್ಣು ಹೋದಮೇಲೆ ಊರಿಗೆ ಬಂದು ಗುಡಿಸಲಲ್ಲಿ ಒಬ್ಬನೇ ಇದ್ದ. ಹಿಂದೆ ಮುಂದೆ ಯಾರೂ ಇಲ್ಲ. ಯಾರಾದರೂ ರೊಟ್ಟಿ ಒಯ್ದರೆ, "ನಾ ಮಂದಿಗೆ ನೀಡಿದಾಂವ, ಬೇಡಿ ಉಣ್ಣಾಂವಲ್ಲ" ಎಂದು ಬೈದು ಕಳಿಸುತ್ತಿದ್ದ. ಮುದುಕ ಹಟಕ್ಕೆ ಬಿದ್ದು ಉಪವಾಸ ಸಾಯುತ್ತಾನೆಂದು ಎಲ್ಲರಿಗೂ ಚಿಂತೆ.

ಚೇರಮನ್ನರು ತಾವೇ ಬುತ್ತಿ ಹಿಡಿದು ಹೋದರು. "ಕಾಕಾ, ಊರಿಗೆ ಹೊಸಾ ಸೊಸ್ತ್ಯಾರು ಬಂದಾರ. ಒಬ್ಬಾಕಿಗೂ ಉಪ್ಪಿನ ಅಳತಿ ಗೊತ್ತಿಲ್ಲ. ದಿನಾ ಒಂದೊಂದು ಮನಿ ಅಡಗಿ ತರ್ತೇನಿ. ನೀ ಉಂಡು ತಪ್ಪು ಹೇಳಬೇಕು. ಇದು ಪಂಚಾಯತಿ ಕೆಲಸ."

ಕಾಕಾ ಬುತ್ತಿ ಮೂಸಿದ. "ಹಂಗಿದ್ರ ಕೊಡು. ಆದ್ರ ಯಾರ ಮುಲಾಜೂ ಇಡೂದಿಲ್ಲ ನೋಡು!"

ಸರದಿಯ ಸುಖ

ಕಾಕಾ ಮುಲಾಜು ಇಡಲೂ ಇಲ್ಲ. "ಈ ಕಡ್ಲಿಹಿಟ್ಟಿನ ಜುಣಕಾ ತಿಂದ್ರ ಕೋಣನೂ ನೀರಿಗಂತ ಹಳ್ಳಕ್ಕ ಓಡ್ತೈತಿ" ಎಂದ ಮೊದಲ ದಿನವೇ. ಆ ಮಾತು ಊರೆಲ್ಲ ಹರಡಿ ಹೆಂಗಸರಿಗೆ ಛಲ ಬಂತು. ಸರದಿಯ ದಿನ ಎಣ್ಣೆಗಾಯಿ ಏನು, ಹೋಳಿಗೆ ಏನು! ಒಬ್ಬ ಯಜಮಾನ ಆಫೀಸಿಗೇ ಬಂದು ಕೈಮುಗಿದ: "ಚೇರಮನ್‌ರ, ಕಾಕಾನ ಸರದಿ ದಿನಾ ನಮ್ಮನಿಗೇ ಹಚ್ರಿ. ಆವತ್ತೊಂದ ದಿನಾ ನನಗೂ ಛಲೋ ಊಟಾ ಸಿಗ್ತೈತ್ರಿ."

ಹೊಟ್ಟೆಯ ಗುಟ್ಟು

ಕಾಡಿನ ಕ್ಯಾಂಪಿನ ರೂಢಿ ಕಾಕಾನನ್ನು ಬಿಟ್ಟಿರಲಿಲ್ಲ. ಜೊತೆಗೆ ಒಬ್ಬರು ಕೂಡದೆ ತುತ್ತು ಎತ್ತುವವನಲ್ಲ. ಹಾಗಾಗಿ ಚೇರಮನ್ನರು ಮನೆಯಲ್ಲಿ ಉಂಡು ಬಂದು ಅಲ್ಲಿ ಮತ್ತೆ ಉಣ್ಣಬೇಕಿತ್ತು. ಕಾಕಾ ತಡವಿ ತಡವಿ ಅವರ ತಾಟಿಗೇ ಹೆಚ್ಚು ಬಡಿಸುತ್ತಿದ್ದ. ಜಡಿಮಳೆಯಲ್ಲಿ, ಚುನಾವಣೆಯ ಗದ್ದಲದಲ್ಲಿ ಕೂಡ ಅವರು ತಪ್ಪಿಸಲಿಲ್ಲ. ಅಂಥ ಮನುಷ್ಯನನ್ನು ನಾನು ಮತ್ತೆ ಕಾಣಲಿಲ್ಲ. ಅವರ ಹೆಂಡತಿ ಮಾತ್ರ ನನ್ನನ್ನು ತಡೆದು ಕೇಳಿದರು: "ಮನ್ಯಾಗ ಈಗೀಗ ಎರಡ ತುತ್ತು ಉಣ್ತಾರ. ಹೊಟ್ಟಿ ನೋಡಿದ್ರ ಗುಡಾಣ ಆಗೈತಿ. ಖರೇ ಹೇಳ್ರಿ ಸೆಕ್ರೆಟರಿ, ಕಾಕಾಗ ಬುತ್ತಿ ಕೊಟ್ಟು ಮತ್ತೆಲ್ಲಿಗೆ ಹೋಗ್ತಾರ ಇವ್ರು?"

ದಿಕ್ಕಿಲ್ಲದವನು

ಒಂದು ದಿನ ಹಳಿಯಾಳದ ತಾಲೂಕು ಕಚೇರಿಯಿಂದ ಸಾಹೇಬರು ಜೀಪಿನಲ್ಲಿ ಬಂದರು. ದಿಕ್ಕಿಲ್ಲದ ಮುದುಕರನ್ನು ದೂರದ ಆಶ್ರಮಕ್ಕೆ ಸೇರಿಸುತ್ತಾರಂತೆ. ಚೇರಮನ್ನರ ಮುಖ ಬಾಡಿತು. "ಕಾಕಾ ಇಲ್ಲೇ ಇರ್ಲಿ ಬಿಡ್ರಿ, ನಾವು ನೋಡಿಕೊಳ್ತೇವಿ" ಎಂದು ಅಂಗಲಾಚಿದರು. ಸಾಹೇಬರು ಕೇಳಲಿಲ್ಲ, ನೇರ ಗುಡಿಸಲಿಗೇ ಹೋದರು; ನಾವಿಬ್ಬರೂ ಹಿಂದೆಯೇ ಹೋದೆವು.

"ಅಜ್ಜಾ, ನಿನ್ನನ್ನು ನೋಡಿಕೊಳ್ಳುವವರು ಯಾರಿದ್ದಾರೆ?"

"ನನಗೇನಾಗೈತ್ರಿ? ನೌಕರಿ ಐತಿ" ಎಂದ ಕಾಕಾ. ಆಮೇಲೆ ದನಿ ತಗ್ಗಿಸಿ, "ದಿಕ್ಕಿಲ್ಲದಾಂವ ಈ ಊರಾಗ ಬ್ಯಾರೆ ಒಬ್ಬಾಂವ ಅದಾನ್ರಿ. ಮನ್ಯಾಗ ಕೂಳು ಹಾಕೂದಿಲ್ಲ ಕಾಣ್ತೈತಿ. ದಿನಾ ನನ್ನ ಕಡೆ ಬಂದು ಉಣ್ತಾನ, ಪಾಪ. ನನ್ನ ಒಯ್ದ್ರ ಅವನ ಗತಿ ಏನ್ರಿ?"

"ಯಾರವನು?"

"ನಮ್ಮ ಚೇರಮನ್!"

ಸಾಹೇಬರು ಚೇರಮನ್ನರ ಹೊಟ್ಟೆಯನ್ನೊಮ್ಮೆ ನೋಡಿದರು, ಅವರ ಕಣ್ಣಲ್ಲಿ ತುಂಬಿದ್ದ ನೀರನ್ನೊಮ್ಮೆ ನೋಡಿದರು.

"ಹಾಗಾದರೆ ನೀನು ಎಲ್ಲಿಗೂ ಹೋಗಬೇಡ ಅಜ್ಜಾ" ಎಂದರು, "ಇವರನ್ನು ನೋಡಿಕೊಂಡು ಇಲ್ಲೇ ಇರು."