ಗೇಣುದ್ದ ತಂತಿಯ ಮಹಾರಾಣಿ

“ಇವತ್ತು ಒಬ್ಬೊಬ್ಬರ ಮುಖಾನೂ ನೋಡೇ ಬಿಡ್ತೀನಿ! ಇಲ್ಲಾಂದ್ರೆ ನಾನು ಮೇಟ್ರನ್ನೇ ಅಲ್ಲ!”

ಅಡುಗೆಮನೆಯ ಮೇಜಿನ ಮುಂದೆ ನಿಂತು ಮೇಟ್ರನ್ನಮ್ಮ ಭೀಷ್ಮಪ್ರತಿಜ್ಞೆ ಮಾಡಿದರು.

“ಹೇಳಿದ ತಕ್ಷಣ ಮುಖ ತೋರ್ಸೋಕೆ ಅವರೇನು ನಿನ್ನ ವಾರ್ಡಿನ ರೋಗಿಗಳೇನೇ?” ಎಂದರು ಗಡಿಯಾರ ರಿಪೇರಿಯ ಪತಿರಾಯರು, ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿಯನ್ನು ತೆಗೆಯದೆ.

“ನೀವು ನಿಮ್ಮ ಮುಳ್ಳು ಸರಿಮಾಡ್ಕೊಳ್ರೀ, ಸಾಕು!”

ಸಂಗತಿ ಇಷ್ಟು. ಹರೆಯದಲ್ಲಿ ಆಕೆ ದಿನವೂ ಡ್ಯೂಟಿಗೆ ಹೋಗುತ್ತಿದ್ದುದು ಕಾಲೇಜಿನ ಗೇಟಿನ ಮುಂದೆ ಹಾದೇ. ಒಳಗಿನ ಗಂಟೆಯ ಸದ್ದು, ಬೆಂಚುಗಳ ಕಿರುಗುಟ್ಟುವಿಕೆ, ಒಟ್ಟಾಗಿ ಉಕ್ಕಿದ ನಗು, ಎಲ್ಲವೂ ಅವರ ಪಾಲಿಗೆ ಗೋಡೆಯಾಚೆಯಿಂದಲೇ ಬಂದಿದ್ದವು. ಆಸ್ಪತ್ರೆಗೆ ಮೇಟ್ರನ್ ಆದ ಮೇಲೂ ಆ ಬೆಂಚಿನ ಆಸೆ ಎದೆಯ ಮೂಲೆಯಲ್ಲಿ ಕೂತೇ ಇತ್ತು. ಐವತ್ತು ದಾಟಿದ ಮೇಲೆ ವಿಶ್ವವಿದ್ಯಾನಿಲಯದ ಇಂಗ್ಲಿಷ್ ಸಾಹಿತ್ಯದ ಆನ್‌ಲೈನ್ ತರಗತಿಗೆ ಸೇರಿದರೆ, ಅಲ್ಲಿ ಬೆಂಚೂ ಇಲ್ಲ, ಮುಖವೂ ಇಲ್ಲ! ಸಹಪಾಠಿಗಳೆಂದರೆ ಪರದೆಯ ತುಂಬ ಹೆಸರಿನ ಮೊದಲಕ್ಷರ ಹೊತ್ತ ಬಣ್ಣದ ಬೊಟ್ಟುಗಳು. ಒಮ್ಮೆ ಒಬ್ಬಳ ಕ್ಯಾಮೆರಾ ಕೈತಪ್ಪಿ ತೆರೆದುಕೊಂಡಾಗ ಕಂಡದ್ದು ಹೂವಿನ ಚಿತ್ತಾರದ ದಿಂಬು. ಅಂದಿನಿಂದ ಆ ಹುಡುಗಿಗೆ ಮೇಟ್ರನ್ನಮ್ಮ ಇಟ್ಟ ಹೆಸರು ‘ದಿಂಬಿನ ರಾಣಿ’.

ಇಂದು ಓದುವ ಸರದಿ ಮೇಟ್ರನ್ನಮ್ಮನದು. ದೇಶಭ್ರಷ್ಟಳಾಗಿದ್ದ ರಾಣಿಯೊಬ್ಬಳು ಮರಳಿ ಬಂದು, ಬರಿದಾದ ಸಭೆಯೆದುರು ಆಡುವ ಮಾತನ್ನು ನಾಟಕದಿಂದ ಓದಬೇಕು. ಆದರೆ ಖಾಲಿ ಸಭೆಗೆ ಓದಲು ಆಕೆ ಸಿದ್ಧರಿರಲಿಲ್ಲ. ತರಗತಿ ತೆರೆದೊಡನೆ ಗುಡುಗಿದರು:

“ಎಲ್ರೂ ಕ್ಯಾಮೆರಾ ಹಾಕಿ! ಸಾಹಿತ್ಯ ಅಂದ್ರೆ ಮಲಗಿ ಕೇಳೋ ಲಾಲಿಹಾಡಲ್ಲ. ಎದ್ದು ಕೂತ್ಕೊಳ್ಳಿ!”

“ನೆಟ್ ಇಲ್ಲ ಅಕ್ಕ.”

“ಕ್ಯಾಮೆರಾ ಕೆಟ್ಟಿದೆ ಅಕ್ಕ.”

“ಮುಖಾನೇ ಸರಿಯಿಲ್ಲ ಅಕ್ಕ!”

ಬೊಟ್ಟುಗಳು ಒಂದೊಂದಾಗಿ ನುಣುಚಿಕೊಂಡವು.

ಅಷ್ಟರಲ್ಲಿ ಪ್ರಾಧ್ಯಾಪಕರು ಪರದೆಯ ಮೇಲೆ ಮೂಡಿದರು. ಗುರುಗಳು ಬಂದರೆ ಎದ್ದು ನಿಲ್ಲುವುದು ಮೇಟ್ರನ್ನಮ್ಮನ ನಿಯಮ. ನೆಟ್‌ವರ್ಕಿನ ಕೃಪೆಯಿಂದ ಅವರು ಮಾಯವಾಗಿ ಮರಳಿದಾಗಲೆಲ್ಲ ಈಕೆ ಏಳುವವರೇ! ಈ ಸಲ ಎದ್ದ ರಭಸಕ್ಕೆ ಕಿವಿಯಲ್ಲಿದ್ದ ಇಯರ್‌ಫೋನಿನ ತಂತಿ ಜಗ್ಗಿ, ಹಿಟ್ಟಿನ ಡಬ್ಬಿಗೆ ಒರಗಿದ್ದ ಫೋನು ನೆಗೆದು, ಪಾತ್ರೆ ನೆನೆಹಾಕಿದ್ದ ಸೋಪಿನ ನೀರಿನಲ್ಲಿ ಜಲಸಮಾಧಿಯಾಯಿತು!

“ರೀ! ಮುಳುಗ್ತು!”

“ಯಾರು, ರಾಣೀನಾ?”

“ಫೋನು ಕಣ್ರೀ! ನಿಮ್ದು ಕೊಡಿ ಬೇಗ!”

ಪತಿರಾಯರ ಫೋನಾದರೋ ಮುದಿಜೀವ. ಚಾರ್ಜರ್ ಚುಚ್ಚಿದ್ದರಷ್ಟೇ ಅದಕ್ಕೆ ಉಸಿರು. ಚಾರ್ಜರಿಗೆ ಒಪ್ಪುವ ಪ್ಲಗ್ಗು ಇದ್ದದ್ದು ಮಂಚದ ತಲೆದೆಸೆಯಲ್ಲಿ. ತಂತಿ ಗೇಣುದ್ದ. ಕೂತರೆ ಕ್ಯಾಮೆರಾಕ್ಕೆ ಮೊಣಕೈ, ಬಗ್ಗಿದರೆ ಹಣೆ. ಮುಖ ಕಾಣಬೇಕೆಂದರೆ ಮಲಗಲೇಬೇಕು! ಬೇರೆ ದಾರಿಯಿಲ್ಲದೆ ಶಿಸ್ತಿನ ಸಾಕಾರಮೂರ್ತಿ ದಿಂಬಿಗೆ ತಲೆಯಿಟ್ಟರು. ಕ್ಯಾಮೆರಾ ಮಾತ್ರ ಆರಿಸಲಿಲ್ಲ. ಆಡಿದ ಮಾತೆಂದರೆ ಮಾತು!

ಪ್ರಾಧ್ಯಾಪಕರು ನಾಟಕದ ಹಿನ್ನೆಲೆಯನ್ನು ವಿವರಿಸತೊಡಗಿದರು. ಹಗಲೆಲ್ಲ ವಾರ್ಡುಗಳನ್ನು ಸುತ್ತಿದ ಕಾಲುಗಳು ಹಾಸಿಗೆಗೆ ಶರಣಾದವು, ರೆಪ್ಪೆಗಳೂ ಹಿಂಬಾಲಿಸಿದವು.

“ಏಳೇ ಮಹಾರಾಣಿ, ನಿನ್ನ ಸಭೆ ಕೂಡಿದೆ!” ಪತಿರಾಯರು ಭುಜ ಅಲುಗಿಸಿದರು.

ಕಣ್ಣು ಬಿಟ್ಟರೆ ಪರದೆಯ ತುಂಬ ಮುಖಗಳು! ಇಷ್ಟು ದಿನ ಹಂಬಲಿಸಿದ ಮುಖಗಳು: ಕನ್ನಡಕದ್ದು, ಒದ್ದೆಗೂದಲಿನದು, ಬಾಯಿಗೆ ಕೈ ಅಡ್ಡ ಹಿಡಿದದ್ದು. ಒಂದೇ ಗೊರಕೆಗೆ ತರಗತಿಯ ಕ್ಯಾಮೆರಾಗಳೆಲ್ಲ ರಿಪೇರಿಯಾಗಿದ್ದವು!

“ಕ್ಷಮಿಸಿ ಸರ್,” ಎಂದರು ಮೇಟ್ರನ್ನಮ್ಮ. ಅಷ್ಟು ಮೆತ್ತಗಿನ ಸ್ವರವನ್ನು ಆಸ್ಪತ್ರೆಯ ಯಾವ ಗೋಡೆಯೂ ಕೇಳಿರಲಿಲ್ಲ.

“ಅಕ್ಕ, ನಿದ್ದೇಲಿ ಒಂದು ಮಾತಂದ್ರಿ,” ಎಂದಳು ಹೂವಿನ ದಿಂಬಿಗೆ ಒರಗಿದ್ದ ಹುಡುಗಿ. “‘ಸ್ವಲ್ಪ ಸರ್ಕೊಳ್ರಮ್ಮ, ಬೆಂಚಲ್ಲಿ ನಂಗೂ ಜಾಗ ಬಿಡಿ’ ಅಂತ.”

ಮೇಟ್ರನ್ನಮ್ಮ ಸೆರಗನ್ನು ಮುಖದವರೆಗೂ ಎಳೆದುಕೊಂಡರು.

“ನಾವೂ ಕಾಲೇಜಿನ ಒಳಗೆ ನೋಡೇ ಇಲ್ಲ ಅಕ್ಕ,” ಎಂದಳು ದಿಂಬಿನ ರಾಣಿ. “ ಕ್ಯಾಮೆರಾ ಮುಚ್ಚಿ, ಕಣ್ಣು ಮುಚ್ಚಿ ನಾವು ಹೋಗೋದೂ ಆ ಬೆಂಚಿಗೇನೇ. ಸರಿದು ಕೂತಿದೀವಿ, ಬನ್ನಿ. ದಿಂಬು ಮಾತ್ರ ನೀವೇ ತರ್ಬೇಕು!”

ದೇಶಭ್ರಷ್ಟ ರಾಣಿ ಅಂದು ತುಂಬಿದ ಸಭೆಯೆದುರು ತನ್ನ ಮಾತನ್ನು ಆಡಿದಳು. ಮಲಗಿಕೊಂಡೇ! ತಂತಿ ಗೇಣುದ್ದವಿತ್ತಲ್ಲ!