ನಾಕ್ ತಾಲೂಕಿನ ಒಂದು ಪ್ರೆಸೆಂಟೇಶನ್ನು

ನಾ ಕಾಲೇಜು ಅರ್ಧಕ್ಕ ಬಿಟ್ಟಾಂವ. ಆದ್ರ ಬಿಡೂ ಮದ್ಲ, ಆಗಬಾರದ್ದೆಲ್ಲಾ ನಮ್ಮ ಗ್ರೂಪ್ ಹುಡುಕ್ಕೊಂಡು ಬಂದು ಆಗ್ತಿತ್ತು.

ಇಂಡಿ ಊರಾಗ ಬಿಸಿಎ ಓದೂ ಮುಂದ ಸರ್ ನಾಕ್ ತಾಲೂಕಿನ ನಾಕ್ ಮಂದೀನ ಒಂದ ಗ್ರೂಪಿಗೆ ಹಾಕಿದ್ರು. ಲೀಡರು ಸಿಂದಗಿ ಹುಡುಗಿ, ಸಿಂದಗ್ಯಾಕಿ. ಫೋಟೋ ಹುಡುಕಾಕ ಮುದ್ದೇಬಿಹಾಳದಾಂವ. ಬಾಯೇ ಬಿಡದಾಂವ ಬಾಗೇವಾಡ್ಯಾಂವ. ಇಂಡ್ಯಾಂವ ನಾ, ಚಹಾ ತರಾಕ. ವಿಷಯ ವರ್ಷನ್ ಕಂಟ್ರೋಲ್. ಅಂದ್ರ ಹತ್ತು ಮಂದಿ ಕೂಡಿ ಒಂದ ಸಾಫ್ಟ್‌ವೇರ್ ಬರಿಯೂ ಮುಂದ, ಒಬ್ಬಾಂವ ಬರದಿದ್ದು ಇನ್ನೊಬ್ಬಾಂವ ಅಳಸದಂಗ ಕಾಯೂದು.

ಸರ್ ಮದ್ಲ ಹೇಳಿಬಿಟ್ರು, ನಾಕೂ ಮಂದಿ ಮಾತಾಡ್ಬೇಕು, ಒಬ್ಬಾಂವ ಬಾಯಿ ಮುಚ್ಚಿದ್ರೂ ಎಲ್ಲಾರಿಗೂ ಸೊನ್ನಿ. ಸಿಂದಗ್ಯಾಕಿ ಜ್ವರ ಬಂದು ಹಿಂದಿನ ಟೆಸ್ಟ್ ತಪ್ಪಿಸ್ಕೊಂಡಿದ್ಲು. ಈಗ ಹತ್ತಕ್ಕ ಎಂಟು ಬರಲಿಲ್ಲಂದ್ರ ಪರೀಕ್ಷಾಕ್ಕ ಕೂಡೂಹಂಗಿಲ್ಲ, ವರ್ಷ ಹೋತು. "ಎಂಟು ತಗೊಂಡ ತೀರತೇನಿ," ಅಂದ್ಲು. ನಮ್ಮ ಮೂರೂ ಮಂದಿ ಮಾರಿ ನೋಡಿ ಅಂಥಾ ಮಾತು ಆಡಾಕ ಧೈರ್ಯ ಬೇಕು.

೧. ಚಟ್ನಿ ಡಬ್ಬಿ

ರಜಾದಾಗ ಆಕಿ ಊರಾಗ ಕುಂತು ಸ್ಲೈಡ್ ಮಾಡಿದ್ಲು. ಮುದ್ದೇಬಿಹಾಳದಾಂವ ಎಷ್ಟು ಫೋಟೋ ತುಂಬಿಸಿದ್ದಾ ಅಂದ್ರ, ಫೈಲು ಫೋನಿನ್ಯಾಗ ಹೋಗಲೇ ಇಲ್ಲ. ಆಕಿ ನಮ್ಮ ಕಡೆ ಮಂದಿ ಹಾದೀನ ಹಿಡದ್ಲು. ಬುತ್ತಿ, ಔಷಧ ಎಲ್ಲಾ ಕಳಸೂಹಂಗ, ಪೆನ್‌ಡ್ರೈವಿಗೆ ಪ್ಲಾಸ್ಟಿಕ್ ಸುತ್ತಿ, ಎಲ್ಲೂ ಬೀಳಬಾರದಂತ ಶೇಂಗಾ ಚಟ್ನಿ ಡಬ್ಬ್ಯಾಗ ಹುಗದು, ಇಂಡಿ ಬಸ್ಸಿನ ಡ್ರೈವರ್ ಕೈಯಾಗ ಕೊಟ್ಲು.

ಬಸ್‌ಸ್ಟ್ಯಾಂಡಿನ್ಯಾಗ ನಾ ಹೋಗಿ ಕೇಳಿದ್ರ, ಡ್ರೈವರ್ ಕಾಕಾ ಬಾಯಿ ಒರಿಸ್ಕೋತ ಹಗೂರನ ಡಬ್ಬಿ ಕೊಟ್ಟಾ.

"ಚಟ್ನಿ ಭಾಳ ಛಲೋ ಇತ್ತು ನೋಡೋ ತಮ್ಮಾ. ಒಂದು ಶೇಂಗಾ ಅಷ್ಟ ಗಟ್ಟಿ ಇತ್ತು, ಬಿಟ್ಟೇನಿ."

೨. ಟೈಮ್ ಖಾಲಿ ಐತಿ

ಎಣ್ಣಿ ಹತ್ತಿದ ಪೆನ್‌ಡ್ರೈವು ಕಾಲೇಜಿನ್ಯಾಗ ತೆರೀಲಿಲ್ಲ. ಪ್ರಿಂಟ್ ಅಂಗಡಿಯಾಂವ ಒರಿಸಿ ತೆರದಾ. ಅಂವ ಹಗಲೆಲ್ಲಾ ಲಗ್ನಪತ್ರಿಕಾ ಮಾಡಾಂವ. ಅಕ್ಷರ ಒಂದೀಟು ದೊಡ್ಡು ಮಾಡಣ್ಣಾ ಅಂತ ಹೇಳಿ ನಾ ಚಹಾಕ್ಕ ಹೋದೆ.

ಬರೂದ್ರಾಗ ಮದ್ಲಿನ ಸ್ಲೈಡಿನ ಮ್ಯಾಲ ಗಣಪತಿ, ಸುತ್ತ ಮಾವಿನ ತೋರಣ. ಕಡೀ ಸ್ಲೈಡಿನ್ಯಾಗ "ತಮ್ಮ ಸುಖಾಗಮನ ಬಯಸುವ", ಅದರ ಕೆಳಗ ನಮ್ಮ ನಾಕೂ ಹೆಸರು. ಹಳೇದ ಎಲ್ಲೈತಿ ಅಂದ್ರ, ಅದರ ಮ್ಯಾಲೇ ಮಾಡೇನಿ, ಜಾಗಾ ಉಳೀತು ಅಂದಾ.

ಅಂಗಡಿಗೆ ಬಂದ ಸಿಂದಗ್ಯಾಕಿ ಒಂದೊಂದ ಸ್ಲೈಡ್ ಸರಿಸಿ ಕಡೀತನಕ ನೋಡಿದ್ಲು. ಆಮ್ಯಾಲ, "ಇದನ್ನ ತೋರಸೂಣು. ವರ್ಷನ್ ಕಂಟ್ರೋಲ್ ಇಲ್ಲಂದ್ರ ಏನಾಗ್ತೈತಿ ಅನ್ನಾಕ ಇದಕ್ಕಿಂತ ಪುರಾವೆ ಬೇಕೇನು?" ಅಂದ್ಲು.

ಅಂಗಡಿಯಾಂವಗ ಖುಷಿ ಆತು. "ಅಕ್ಕಿಕಾಳ ಬೀಳೂ ಮುಹೂರ್ತದ ಟೈಮ್ ಖಾಲಿ ಬಿಟ್ಟೇನಿ ತಂಗೀ, ನೀವ ಹಾಕ್ಕೋರಿ."

೩. ನಿಂಬಿಕಾಯಿ

ಉಳದಾಂವ ಬಾಗೇವಾಡ್ಯಾಂವ. ಮಂದಿ ಮಾರಿ ಕಂಡ್ರ ಅವನ ದನಿ ಹೊಟ್ಟ್ಯಾಗ ಇಳೀತಿತ್ತು. ಅವನ್ನ ನಾ ದಿನಾ ನಿಂಬಿಕಾಯಿ ಲಿಲಾವಿಗೆ ಕರ್ಕೊಂಡು ಹೋದೆ. ಅಲ್ಲೆ ಹರಾಜು ಕೂಗಾಂವ ನಮ್ಮ ಸ್ವಂತ ಕಾಕಾ. "ಮಂದಿ ಮಾರಿ ನೋಡಬ್ಯಾಡೋ, ನಿಂಬಿಕಾಯಿ ಚೀಲ ನೋಡಿ ಕೂಗು," ಅಂತ ಕಲಿಸಿದಾ. ವಾರದಾಗ ಹುಡುಗ ಬಜಾರೆಲ್ಲಾ ಕೇಳೂಹಂಗ ಕೂಗಾಕ ಹತ್ತಿದಾ.

ಪ್ರೆಸೆಂಟೇಶನ್ ದಿನ ಗಣಪತಿ ಕಂಡು ಕ್ಲಾಸ್ ನಕ್ಕಿದ್ದು ನಕ್ಕಿದ್ದ. ನಾವ್ ಮೂರೂ ಮಂದಿ ಹ್ಯಾಂಗೋ ಮುಗಿಸಿದ್ವಿ. ಬಾಗೇವಾಡ್ಯಾಂವ ಎದ್ದು ನಿಂತಾ. ದನಿ ಇಲ್ಲ. ನಾ ಕಿಸೆದಾಗಿನ ನಿಂಬಿಕಾಯಿ ತಗದು ಟೇಬಲ್ ಮ್ಯಾಲ ಇಟ್ಟೆ.

ಅದನ್ನ ನೋಡಿದ್ದ ತಡ, "ಒಬ್ಬಾಂವ ಬರದಿದ್ದು ಇನ್ನೊಬ್ಬಾಂವ ಅಳಸಬಾರದು, ಒಂದ್ ಸಲ" ಅಂತ ಸುರು ಆದಾಂವ, ಬಾಜು ಕ್ಲಾಸಿನವ್ರೂ ಬಂದು ಖಿಡಕ್ಯಾಗ ನಿಲ್ಲೂಹಂಗ ಕೂಗಿದಾ.

ಸರ್ ನಕ್ಕೋತ ಪೆನ್ ತಗದ್ರು. "ಆತು, ಏಳು."

ಇಂವಗ ನಿಲ್ಲಸಾಕ ಬರಲಿಲ್ಲ. "ಏಳು ಒಂದ್ ಸಲ, ಏಳು ಎರಡ್ ಸಲ..."

ಹಿಂದಿನ ಬೆಂಚಿನಿಂದ ಯಾವನೋ ಎಂಟು ಅಂದಾ. "ಎಂಟು ಒಂದ್ ಸಲ..." ಎಂಟ ಬೇಕಾಗಿದ್ದ ಸಿಂದಗ್ಯಾಕಿ ಬೆಂಚಿನ ತುದಿಗೆ ಬಂದಿದ್ಲು. ಸರ್ ಸಾಕೋ ಮಾರಾಯಾ ಅಂತ ಕೈ ಎತ್ತಿದ್ರು. ಲಿಲಾವಿನ್ಯಾಗ ಕೈ ಎತ್ತಿದ್ರ ಅರ್ಥ ಒಂದ.

"ಸರ್ ಒಂಬತ್ತು. ಒಂಬತ್ತು ಒಂದ್ ಸಲ, ಎರಡ್ ಸಲ, ಮೂರ್ ಸಲ."

ಕ್ಲಾಸೆಲ್ಲಾ ಚಪ್ಪಾಳಿ. ಸರ್ ಬ್ಯಾರೆ ಹಾದಿ ಇಲ್ದ ನಾಕೂ ಹೆಸರಿನ ಮುಂದ ಒಂಬತ್ತು ಬರದ್ರು. ಬಾಗೇವಾಡ್ಯಾಂವ ಹೋಗಿ ಸರ್ ಕೈಯಾಗ ನಿಂಬಿಕಾಯಿ ಇಟ್ಟಾ.

"ನಿಮ್ಮ ಮಾಲು, ಒಯ್ರಿ ಸರ್."